ಮೂಲ ಪ್ರತಿಯ ಹಂಬಲ

ಹಳೆಯ ಚಲಚ್ಚಿತ್ರವೊಂದಕ್ಕೆ ಹೊಸದಾಗಿ ಬಣ್ಣ ಹಚ್ಚಿ ತೋರಿಸಿದಾಗ, ಅದನ್ನು ಮೊದಲು ಕಪ್ಪು-ಬಿಳುಪಿನಲ್ಲಿ ಕಂಡ ಹಿರಿಯರಲ್ಲಿ ಅನೇಕರು ‘ಹಳೆಯದೇ ಚೆನ್ನಾಗಿತ್ತು’ ಎಂದು ನಿಟ್ಟುಸಿರು ಬಿಡುವುದುಂಟು. ಇದು ಕೇವಲ ಗತಕಾಲದ ಮೋಹವೇ? ಅಥವಾ ವಿಚಾರಕ್ಕೆ ನಿಲ್ಲುವ ಸತ್ಯಾಂಶವೂ ಇದರಲ್ಲಿ ಇದೆಯೇ? ನನ್ನ ಅಲ್ಪಮತಿಗೆ ತೋರಿದಂತೆ ಈ ಪ್ರಶ್ನೆಯನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಕನ್ನಡದಲ್ಲಿ ಇದಕ್ಕೆ ಎರಡು ಪ್ರಸಿದ್ಧ ನಿದರ್ಶನಗಳಿವೆ. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ ‘ಸತ್ಯ ಹರಿಶ್ಚಂದ್ರ’ 1965ರಲ್ಲಿ ತೆರೆಕಂಡಿತು. 2008ರಲ್ಲಿ ಅದು ಬಣ್ಣ ತಳೆದು ಮತ್ತೆ ಬಂದಿತು. ದೊರೆ-ಭಗವಾನ್ ಜೋಡಿಯ ‘ಕಸ್ತೂರಿ ನಿವಾಸ’ 1971ರ ಚಿತ್ರ. ಅದರ ಬಣ್ಣದ ಪ್ರತಿ 2014ರಲ್ಲಿ ಬಿಡುಗಡೆಯಾಯಿತು. ಎರಡರಲ್ಲಿಯೂ ನಾಯಕರು ಡಾ. ರಾಜಕುಮಾರರು.

‘ಕಸ್ತೂರಿ ನಿವಾಸ’ವನ್ನು ನನ್ನ ದೊಡ್ಡಪ್ಪ ಹುಡುಗನಾಗಿದ್ದಾಗ ಲಕ್ಷ್ಮೇಶ್ವರದಲ್ಲಿ ಟೆಂಟಿನೊಳಗೆ ನೆಲದ ಮೇಲೆ ಕುಳಿತು ಕಂಡವರು. ಕಳೆದ ವರ್ಷ ನಾನು ಮೊಬೈಲಿನಲ್ಲಿ ಅವರಿಗೆ ಬಣ್ಣದ ಪ್ರತಿಯನ್ನು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ಅವರೆಂದರು: “ಚಂದ ಐತಿ ತಮ್ಮಾ. ಆದ್ರ ನಾ ನೋಡಿದ್ದು ಇದಲ್ಲ.” ನಾನು ನಕ್ಕೆ. ಕಥೆ ಅದೇ, ನಟರು ಅವರೇ, ಮಾತೂ ಅವೇ. ಇದು ಬೇರೆ ಹೇಗಾದೀತು ಎಂದು ವಾದಿಸಿದೆ. ಅವರು ಮರುಮಾತಾಡಲಿಲ್ಲ. ನನ್ನ ನಗೆ ತಪ್ಪೆಂದು ತಿಳಿದದ್ದು ಆಮೇಲೆ.

ಬಣ್ಣ ಹಚ್ಚುವುದೆಂದರೆ ಏನೆಂಬುದನ್ನು ಮೊದಲು ನೋಡೋಣ. ಕಪ್ಪು-ಬಿಳುಪಿನ ಫಿಲ್ಮು ಬೆಳಕಿನ ಹೆಚ್ಚು-ಕಡಿಮೆಯನ್ನು ಮಾತ್ರ ದಾಖಲಿಸುತ್ತದೆ. ಸೀರೆಯ ಬಣ್ಣ ಹಸಿರೋ ಕೆಂಪೋ ಎಂಬುದು ಅದರಲ್ಲಿ ಇರುವುದೇ ಇಲ್ಲ. ಆದ್ದರಿಂದ ಈಗ ಕಾಣುವ ಬಣ್ಣವು ಮರಳಿ ದೊರೆತದ್ದಲ್ಲ, ಬಹುಮಟ್ಟಿಗೆ ಊಹಿಸಿದ್ದು. ಸೆಕೆಂಡಿಗೆ 24 ಚೌಕಟ್ಟುಗಳಂತೆ ಎರಡೂವರೆ ಗಂಟೆಯ ಚಿತ್ರದಲ್ಲಿ 2,16,000 ಚೌಕಟ್ಟುಗಳಾಗುತ್ತವೆ. ಅಷ್ಟಕ್ಕೂ ಗಣಕಯಂತ್ರದ ನೆರವಿನಿಂದ ಬಣ್ಣ ತುಂಬುವುದು ಸಾಮಾನ್ಯ ಶ್ರಮವಲ್ಲ. ಆ ಶ್ರಮವನ್ನು ನಾನು ಹೀಗಳೆಯಲಾರೆ. ಫಿಲ್ಮಿನ ಗೀರು, ಕಲೆಗಳೂ ಆಗ ಅಳಿಯುತ್ತವೆ. ಹೊಸ ತಲೆಮಾರಿನವರು ಹಳೆಯ ಚಿತ್ರದ ಕಡೆಗೆ ತಿರುಗುತ್ತಾರೆ.

ಆದರೆ ಅಂದಿನ ಛಾಯಾಗ್ರಾಹಕನು ಬೆಳಕು-ನೆರಳುಗಳಿಂದಲೇ ಭಾವವನ್ನು ಹೇಳುತ್ತಿದ್ದನು. ಮುಖದ ಅರ್ಧಭಾಗವನ್ನು ಕತ್ತಲಲ್ಲಿ ಇಟ್ಟರೆ ಅದಕ್ಕೊಂದು ಅರ್ಥವಿತ್ತು. ಗೋಡೆಗೂ ಪರದೆಗೂ ಬಣ್ಣ ಬಂದೊಡನೆ ಕಣ್ಣು ಅತ್ತ ಹೊರಳುತ್ತದೆ. ಹಳೆಯ ಚೌಕಟ್ಟಿನ ಅಗಲವು ಎತ್ತರದ 1.37ರಷ್ಟು, ಅದನ್ನು ಇಂದಿನ ಅಗಲ ಪರದೆಗೆ ತುಂಬಿಸಬೇಕಾದರೆ ಮೇಲೆ ಕೆಳಗೆ ಕತ್ತರಿಸಬೇಕು ಇಲ್ಲವೆ ಹಿಗ್ಗಿಸಬೇಕು. ಹೀಗೆ ಎರಡು ಪ್ರತಿಗಳಲ್ಲಿ ಕಥೆ ಒಂದೇ ಆದರೂ ಕೃತಿ ಒಂದೇ ಆಗಿ ಉಳಿಯಲಾರದು.

ಈ ಜಗಳ ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದ ಜಾರ್ಜ್ ಲ್ಯೂಕಾಸರ ಬಾಹ್ಯಾಕಾಶದ ಚಿತ್ರ ‘ಸ್ಟಾರ್ ವಾರ್ಸ್’ 1977ರಲ್ಲಿ ಹೊರಬಂದಿತು. ಅದರ ಮುಂದಿನ ಎರಡು ಭಾಗಗಳು 1980 ಮತ್ತು 1983ರಲ್ಲಿ ಬಂದವು. ಹಳೆಯ ಚಿತ್ರಗಳಿಗೆ ಬಣ್ಣ ಬಳಿಯುವ ವಿಷಯದಲ್ಲಿ ವಿವಾದವೆದ್ದಿದ್ದಾಗ, 1988ರಲ್ಲಿ ಇದೇ ಲ್ಯೂಕಾಸರು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ನಿಂತು, ಚಿತ್ರಗಳನ್ನು ಹೀಗೆ ತಿದ್ದುವುದನ್ನು ವಿರೋಧಿಸಿದ್ದರು. ಆದರೆ 1997ರಲ್ಲಿ ತಮ್ಮ ಮೂರೂ ಚಿತ್ರಗಳನ್ನು ತಾವೇ ತಿದ್ದಿ, ಹೊಸ ದೃಶ್ಯಗಳನ್ನು ಸೇರಿಸಿ ಬಿಡುಗಡೆ ಮಾಡಿದರು. ಅಭಿಮಾನಿಗಳು ಮುನಿದದ್ದು ತಿದ್ದಿದ್ದಕ್ಕಾಗಿ ಮಾತ್ರವಲ್ಲ, ತಿದ್ದದ ಪ್ರತಿ ಮರೆಯಾಗುತ್ತ ಬಂದುದಕ್ಕಾಗಿ. 2025ರ ಜೂನಿನಲ್ಲಿ ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ 1977ರ ಮೂಲ ಪ್ರತಿಯನ್ನು ತೋರಿಸಿದ್ದೇ ಒಂದು ದೊಡ್ಡ ಸುದ್ದಿಯಾಯಿತು. ಕರ್ತೃವಿಗೆ ತನ್ನ ಕೃತಿಯನ್ನು ತಿದ್ದುವ ಹಕ್ಕಿರಬಹುದು. ಮೊದಲಿನದನ್ನು ಮರೆಮಾಡುವ ಹಕ್ಕಿದೆಯೇ?

ಇದಕ್ಕೆ ಉತ್ತರ ನನಗೆ ದೊರೆತದ್ದು ನಮ್ಮ ಕನ್ನಡ ತರಗತಿಯಲ್ಲಿ, ಗ್ರಂಥಸಂಪಾದನೆಯ ಪಾಠ ನಡೆದಾಗ. ನಮ್ಮ ಗದುಗಿನ ವೀರನಾರಾಯಣನನ್ನು ನೆನೆದು ಕುಮಾರವ್ಯಾಸನು ರಚಿಸಿದ ಭಾರತವು ಓಲೆಗರಿಯಿಂದ ಓಲೆಗರಿಗೆ, ಕಂಠದಿಂದ ಕಂಠಕ್ಕೆ ಹರಿದು ಬಂದಿತು. ಪ್ರತಿಕಾರರ ಕೈಯಲ್ಲಿ ಮಾತು ಬದಲಾದವು. ಸಂಪಾದಕರು ಏನು ಮಾಡುತ್ತಾರೆ? ಪ್ರತಿಗಳನ್ನು ಹೋಲಿಸಿ ಒಂದು ಪಾಠವನ್ನು ಆರಿಸುತ್ತಾರೆ. ಉಳಿದವುಗಳನ್ನು ಒಲೆಗೆ ಹಾಕುವುದಿಲ್ಲ, ಪಾಠಾಂತರಗಳೆಂದು ಪುಟದ ಅಡಿಯಲ್ಲಿ ಕೊಡುತ್ತಾರೆ. ತಮ್ಮ ಆಯ್ಕೆ ತಪ್ಪಾದರೆ ಮುಂದಿನವರು ತಿದ್ದಲಿ ಎಂಬ ವಿನಯ ಅದರಲ್ಲಿದೆ. ಚಲಚ್ಚಿತ್ರಕ್ಕೂ ಇದೇ ನ್ಯಾಯ ಸಲ್ಲಬೇಡವೇ?

ಇಲ್ಲಿ ನೆನಪಿನ ಬಗೆಗೂ ಒಂದು ಮಾತು ಹೇಳಬೇಕು. ಆ ಪಾಠವಾದ ಮೇಲೆ ನಾನು ಮಸುಕಾದ ಒಂದು ಕಪ್ಪು-ಬಿಳುಪು ಪ್ರತಿಯನ್ನು ಹುಡುಕಿ ದೊಡ್ಡಪ್ಪನಿಗೆ ತೋರಿಸಿದೆ. ಅವರ ಮುಖ ಅರಳಿತು. ಆದರೆ ಬೊಂಬೆಯ ಹಾಡಿಗೆ ಮುಂಚೆ ರಾಜಕುಮಾರರು ಆಡುವರೆಂದು ಅವರು ಐವತ್ತು ವರ್ಷ ಹೇಳುತ್ತ ಬಂದ ಮಾತೊಂದು ಆ ಪ್ರತಿಯಲ್ಲಿಯೂ ಇರಲಿಲ್ಲ! “ಹಂಗಾರ ನಾನs ಕೂಡಿಸೇನೇನೋ” ಎಂದು ಅವರೇ ನಕ್ಕರು. ಅಭಿಮಾನಿಯ ನೆನಪೂ ಒಂದು ಪಾಠಾಂತರವೇ. ನೆನಪನ್ನು ಪರೀಕ್ಷಿಸಲು ಸಹ ಮೂಲ ಪ್ರತಿಯೇ ಬೇಕು. ಹಿರಿಯರ ಹಂಬಲ ಅದಷ್ಟಕ್ಕೇ ಪ್ರಮಾಣವಾಗದು. ಆದರೆ ಪ್ರಮಾಣವನ್ನು ಉಳಿಸಿರೆಂದು ಕೇಳುವ ದನಿ ಅದು.

ಆ ದನಿಗೆ ಕಿವಿಗೊಡದಿದ್ದರೆ ಏನಾಗುವುದೆಂಬುದಕ್ಕೆ ದೂರ ಹೋಗಬೇಕಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಇಂದು ಅದರ ಪ್ರತಿ ಉಳಿದಿಲ್ಲ. ಚಿತ್ರಗಳನ್ನು ಕಾಪಿಡುವ ರಾಷ್ಟ್ರೀಯ ಸಂಗ್ರಹಾಲಯ ಪುಣೆಯಲ್ಲಿ ಸ್ಥಾಪನೆಯಾದದ್ದೇ 1964ರಲ್ಲಿ. ಕನ್ನಡವು ಬೆಳ್ಳಿತೆರೆಯ ಮೇಲೆ ಮೊದಲ ಬಾರಿಗೆ ಹೇಗೆ ಮಾತಾಡಿತೆಂಬುದನ್ನು ನಾವು ಓದಿ ತಿಳಿಯಬಹುದೇ ಹೊರತು ಕೇಳಲಾರೆವು.

ನಮ್ಮ ಮನೆಯಲ್ಲಿ ಪುಸ್ತಕಗಳಿರಲಿಲ್ಲ. ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ದೊಡ್ಡಪ್ಪನಂತಹವರಿಗೆ ಟೆಂಟಿನ ಪರದೆಯೇ ಪುಸ್ತಕವಾಗಿತ್ತು. ದಾನ, ಮಾನ, ಸತ್ಯಗಳ ವಿಚಾರವನ್ನು ಅವರು ಅಲ್ಲಿ ಓದಿದರು. ಓದುಬಲ್ಲವರ ಗ್ರಂಥಕ್ಕೆ ಪುಟದಡಿಯ ಟಿಪ್ಪಣಿಯ ಗೌರವ ಉಂಟು. ಓದುಬಾರದವರ ಗ್ರಂಥಕ್ಕೂ ಅದು ದೊರೆಯಬೇಕು. ಬಣ್ಣದ ಪ್ರತಿ ಬರಲಿ, ಹೊಸಬರು ನೋಡಿ ನಲಿಯಲಿ. ಆದರೆ ಬಣ್ಣ ಎಂದು ಹಚ್ಚಿದ್ದೆಂಬುದನ್ನು ಮೊದಲಿಗೇ ತಿಳಿಸಲಿ. ಮೂಲ ಪ್ರತಿಯನ್ನೂ ಅಷ್ಟೇ ಅಕ್ಕರೆಯಿಂದ ಶುಚಿಗೊಳಿಸಿ, ಬೇಕೆಂದವರ ಕೈಗೆಟುಕುವಂತೆ ಇಡಲಿ. ದೊಡ್ಡಪ್ಪ ಕಂಡದ್ದನ್ನು ಅವರು ಕಂಡಂತೆಯೇ ನಾನೂ ಒಮ್ಮೆ ಕಾಣಬೇಕು. ಯಾವುದು ಮೇಲೆಂಬುದನ್ನು ಆಮೇಲೆ ಕೂಡಿ ಕುಳಿತು ವಾದಿಸೋಣ.