ಮಗು ಹಿಡಿದಿರುವುದು ಯಾರ ಮೊಬೈಲ್?

ಗಾಂಧಿ ಬಜಾರ್‌ನ ನಮ್ಮ ಬಳೆ ಅಂಗಡಿಗೆ ಬರುವ ತಾಯಂದಿರು ಬಳೆಯ ಅಳತೆ ನೋಡುತ್ತಲೇ ಕೇಳುತ್ತಾರೆ: "ಮಕ್ಕಳ ಮೊಬೈಲಿಗೆ ಯಾವ ಆ್ಯಪ್ ಹಾಕಿದೀರಿ? ನಮಗೂ ಹೇಳಿ." ಇಬ್ಬರು ಮಕ್ಕಳಿಗಾಗಿ ಮೊಬೈಲ್ ಬಳಕೆಗೆ ಕಡಿವಾಣ ಹಾಕುವ ಇಂಥ ಆ್ಯಪ್‌ಗಳನ್ನು ಹಾಕಿ, ತೆಗೆದು, ಮತ್ತೆ ಹಾಕಿದ ಮೇಲೆ ನಾನು ಹೆಸರು ಹೇಳುವ ಮೊದಲು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮಗು ಹಿಡಿಯುವುದು ಯಾರ ಮೊಬೈಲ್?

ಗೂಗಲ್‌ನ ಫ್ಯಾಮಿಲಿ ಲಿಂಕ್ 2017ರಲ್ಲಿ ಬಂತು, ಐಫೋನಿನ ಸ್ಕ್ರೀನ್ ಟೈಮ್ ಮರುವರ್ಷ. ಎರಡನ್ನೂ ಮಾಡಿದವರ ಮನಸ್ಸಿನಲ್ಲಿದ್ದದ್ದು ಸ್ವಂತ ಮೊಬೈಲ್, ಸ್ವಂತ ಖಾತೆ ಇರುವ ಮಗು. ನಮ್ಮ ಬೀದಿಯ ಮಕ್ಕಳ ಕಥೆ ಬೇರೆ. ಶಾಲೆ ಬಿಟ್ಟು ಅಂಗಡಿಗೆ ಬಂದರೆ ಅಪ್ಪನ ಮೊಬೈಲ್, ಮನೆಗೆ ಹೋದರೆ ಅಜ್ಜಿಯದು, ಶನಿವಾರ ಭದ್ರಾವತಿಗೆ ಹೋದರೆ ನ್ಯೂ ಟೌನ್‌ನಲ್ಲಿರುವ ಅಜ್ಜನ ಮನೆಯ ದೊಡ್ಡ ಟಿವಿ. ಒಂದಕ್ಕೆ ಬೀಗ ಹಾಕಿದರೆ ಮಕ್ಕಳು ಇನ್ನೊಂದಕ್ಕೆ ಹೋಗುತ್ತಾರೆ. ಆದ್ದರಿಂದ ಆ್ಯಪ್ ಆರಿಸುವ ಮೊದಲು ಮಗುವಿನ ಕೈಗೆ ದಿನವಿಡೀ ಯಾವ್ಯಾವ ಪರದೆ ಬರುತ್ತದೆ ಎಂದು ಮನೆಯವರೆಲ್ಲ ಕೂತು ಲೆಕ್ಕ ಹಾಕಬೇಕು. ನಮ್ಮ ಮನೆಯಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಈ ಲೆಕ್ಕವೇ.

ಅಂಗಡಿಯ ಮೊಬೈಲಿನಲ್ಲಿರುವುದು ಯಜಮಾನರ ಖಾತೆ. ಗಿರಾಕಿಗಳ ಹಣ ಬರುವುದೂ ಅದಕ್ಕೇ, ಹೋಲ್‌ಸೇಲ್‌ನವರ ಫೋನು ಬರುವುದೂ ಅದಕ್ಕೇ. ಅಂಥ ಮೊಬೈಲಿಗೆ ಫ್ಯಾಮಿಲಿ ಲಿಂಕ್ ಒಗ್ಗುವುದಿಲ್ಲ. ಅಲ್ಲಿ ಕೆಲಸಕ್ಕೆ ಬಂದದ್ದು ಆಂಡ್ರಾಯ್ಡ್‌ನಲ್ಲೇ ಇರುವ ಆ್ಯಪ್ ಪಿನ್ನಿಂಗ್. ಸೆಟ್ಟಿಂಗ್ಸ್‌ನ ಭದ್ರತೆಯ ವಿಭಾಗದಲ್ಲಿ ಅದನ್ನು ಚಾಲೂ ಮಾಡಿ, ಹೊರಬರಲು ಪಿನ್ ಕೇಳುವಂತೆ ಇಟ್ಟರೆ ಮಗು ತೆರೆದ ಆ್ಯಪ್‌ನಲ್ಲೇ ಉಳಿಯುತ್ತದೆ. ಹಣದ ಆ್ಯಪ್‌ಗೂ ವಾಟ್ಸ್ಆ್ಯಪ್‌ಗೂ ಹೋಗಲಾರದು. ದುಡ್ಡು ಖರ್ಚಿಲ್ಲ, ಹೊಸದೇನೂ ಇಳಿಸಿಕೊಳ್ಳಬೇಕಿಲ್ಲ.

ಚಿಕ್ಕವಳಿಗೆ ಯೂಟ್ಯೂಬ್ ಕಿಡ್ಸ್ ಸಾಕಾಯಿತು. ಅದರಲ್ಲಿ ನಾಲ್ಕು ವರ್ಷದವರೆಗೆ, ಐದರಿಂದ ಎಂಟು, ಒಂಬತ್ತರಿಂದ ಹನ್ನೆರಡು ಎಂದು ವಯಸ್ಸಿನ ವಿಭಾಗಗಳಿವೆ. ಇವುಗಳಿಗಿಂತ ನಾನು ಮೆಚ್ಚಿದ್ದು ಪೋಷಕರು ಒಪ್ಪಿದ್ದನ್ನು ಮಾತ್ರ ತೋರಿಸುವ ಇನ್ನೊಂದು ಆಯ್ಕೆಯನ್ನು. ನಾವೇ ಚಾನೆಲ್ಲು, ವಿಡಿಯೊ ಆರಿಸಿ ಕೊಡುತ್ತೇವೆ, ಹುಡುಕುವ ಅವಕಾಶವೇ ಇರುವುದಿಲ್ಲ. ಒಂದು ಭಾನುವಾರ ಅತ್ತೆಯೂ ನಾನೂ ಕೂತು ಕನ್ನಡದ ಶಿಶುಗೀತೆ, ಕಥೆ, ಚಿತ್ರ ಬಿಡಿಸುವ ವಿಡಿಯೊಗಳನ್ನು ಆರಿಸಿದೆವು. ಕೆಲವು ಕಥೆಗಳು ಅತ್ತೆಗೆ ಸರಿ ಬರಲಿಲ್ಲ. "ಇಷ್ಟು ಕಿರುಚಾಟ ಯಾಕೆ ಈ ಮಗೂಗೆ?" ಎಂದರು. ತೆಗೆದೆವು. ಆರಿಸುವುದರಲ್ಲಿ ತಮ್ಮ ಪಾಲೂ ಇದ್ದುದರಿಂದ ಅವರು ಆಮೇಲೆ ಯಾವತ್ತೂ ತಮ್ಮ ಮೊಬೈಲ್ ತೆರೆದುಕೊಟ್ಟು ಸುಮ್ಮನಾಗಲಿಲ್ಲ. ಅಜ್ಜನ ಮನೆಯ ಟಿವಿಯಲ್ಲೂ ಯೂಟ್ಯೂಬ್ ಒಳಗೆ ಮಕ್ಕಳ ಪ್ರೊಫೈಲ್ ಮಾಡಿಟ್ಟಿದ್ದೇವೆ.

ಮಗನಿಗೆ ಹಳೆಯದೊಂದು ಮೊಬೈಲ್ ಕೊಟ್ಟಾಗ ಮಾತ್ರ ಫ್ಯಾಮಿಲಿ ಲಿಂಕ್ ಹಾಕಿದೆವು. ಉಚಿತವಾದ ಅದರಲ್ಲಿ ದಿನದ ಮಿತಿ, ರಾತ್ರಿ ತಾನೇ ಮುಚ್ಚಿಕೊಳ್ಳುವ ಸಮಯ, ಒಂದೊಂದು ಆ್ಯಪ್‌ಗೂ ಬೇರೆ ಮಿತಿ, ಹೊಸ ಆ್ಯಪ್ ಇಳಿಸಲು ನಮ್ಮ ಒಪ್ಪಿಗೆ, ಎಲ್ಲವೂ ಇವೆ. ಮಿತಿ ಎಷ್ಟಿರಬೇಕು ಎನ್ನುವುದಕ್ಕೆ ತಜ್ಞರ ಮಾತೇ ಇದೆ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಐದರಿಂದ ಹತ್ತು ವರ್ಷದವರಿಗೆ ಎರಡು ಗಂಟೆಗಿಂತ ಕಡಿಮೆ ಇರಲಿ ಎನ್ನುತ್ತದೆ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ. ಆದರೆ ಹೋಂವರ್ಕ್ ಬರುವುದೇ ಶಾಲೆಯ ವಾಟ್ಸ್ಆ್ಯಪ್ ಗುಂಪಿಗೆ! ಅದನ್ನು ನನ್ನ ಮೊಬೈಲಿಗೆ ತರಿಸಿಕೊಂಡು ಅವನಿಗೆ ಪುಸ್ತಕದಲ್ಲಿ ಬರೆಸುತ್ತೇನೆ. ವಾಟ್ಸ್ಆ್ಯಪ್‌ನ ನಿಯಮದ ಪ್ರಕಾರವೂ 13 ತುಂಬದವರು ತಾವಾಗಿಯೇ ಖಾತೆ ತೆರೆಯುವಂತಿಲ್ಲ.

ಫ್ಯಾಮಿಲಿ ಲಿಂಕ್ ಹಾಕುವ ದಿನ ಮಗ ಕೇಳಿದ: "ಅಮ್ಮ, ನಾನು ಏನು ನೋಡ್ತೀನಿ ಅಂತ ಇದು ನಿನಗೆ ಹೇಳುತ್ತಾ?" ನನ್ನ ಮೊಬೈಲನ್ನೇ ಅವನ ಕೈಗೆ ಕೊಟ್ಟು, ನನಗೆ ಕಾಣುವುದಷ್ಟನ್ನೂ ತೋರಿಸಿದೆ. ಯಾವ ಆ್ಯಪ್ ಎಷ್ಟು ಹೊತ್ತು, ಮೊಬೈಲ್ ಎಲ್ಲಿದೆ ಎನ್ನುವುದು ಕಾಣುತ್ತದೆ, ಗೆಳೆಯರ ಜೊತೆಗಿನ ಮಾತು ಕಾಣುವುದಿಲ್ಲ. ಮಗುವಿಗೆ ಗೊತ್ತಾಗದಂತೆ ಮೆಸೇಜು ಓದುವ, ಕರೆ ಕದ್ದು ಕೇಳುವ ಆ್ಯಪ್‌ಗಳೂ ಸಿಗುತ್ತವೆ. ನನಗೆ ಅವು ಬೇಡ. ಮಗುವಿನ ವಿಶ್ವಾಸ ಹೋಗುತ್ತದೆ, ಅಷ್ಟೇ ಅಲ್ಲ, ಮಗುವಿನ ಮಾತೆಲ್ಲ ಯಾವುದೋ ಅಪರಿಚಿತ ಕಂಪನಿಯ ಸರ್ವರ್ ಸೇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಆ ಒಪ್ಪಿಗೆ ಕೊಡುವವರು ನಾವೇ. ಎಸ್‌ಎಂಎಸ್, ಮೈಕ್, ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳುವ ಆ್ಯಪ್‌ಗೆ ಅದು ಯಾಕೆ ಬೇಕು ಎಂದು ತಿಳಿಯದೆ ಒತ್ತಬಾರದು.

ಪಕ್ಕದ ಬಟ್ಟೆ ಅಂಗಡಿಯ ಅಕ್ಕನ ಮಗ ಹತ್ತನೇ ತರಗತಿ. ಅವನಿಗೂ ನನ್ನ ಮಗನಿಗೆ ಹಾಕಿದ್ದನ್ನೇ ಹಾಕಿಕೊಡು ಎಂದರು. ನಾನು ಒಪ್ಪಲಿಲ್ಲ. ಆ ವಯಸ್ಸಿನ ಹುಡುಗ ಬೀಗ ಒಡೆಯುವ ದಾರಿಯನ್ನೇ ಹುಡುಕುತ್ತಾನೆ. ಅವನನ್ನೇ ಕರೆದು ಕೂರಿಸಿ ಅವನ ಮೊಬೈಲಿನಲ್ಲೇ ಇರುವ, ಬಳಕೆಯ ಲೆಕ್ಕ ತೋರಿಸುವ ಡಿಜಿಟಲ್ ವೆಲ್‌ಬೀಯಿಂಗ್ ತೆರೆಸಿದೆವು. ತನ್ನ ಅಂಕಿ ತಾನೇ ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ರೀಲ್ಸ್‌ಗೆ ಮಿತಿ ಹಾಕಿಕೊಂಡ, ಕ್ರಿಕೆಟ್‌ಗೆ ಹಾಕಲಿಲ್ಲ. ಅಕ್ಕನಿಗೆ ಅದು ಕಡಿಮೆ ಅನ್ನಿಸಿತು. ನಿದ್ದೆ ಕೆಟ್ಟರೆ, ಊಟ ಬಿಟ್ಟರೆ, ಮೊಬೈಲ್ ತೆಗೆದುಕೊಂಡಾಗ ಹೊಡೆಯಲು ಬಂದರೆ ಯಾವ ಆ್ಯಪ್‌ನಿಂದಲೂ ಆಗುವುದಿಲ್ಲ, ವೈದ್ಯರೇ ಬೇಕು ಎಂದು ಹೇಳಿ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವರ ಬಿಲ್ ಪುಸ್ತಕದ ಹಿಂದೆ ಬರೆದುಕೊಟ್ಟೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಮೊಬೈಲ್ ಗೀಳಿಗೆಂದೇ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ ಎಂದೂ ಹೇಳಿದೆ. ಅಷ್ಟು ದೂರ ಹೋಗುವ ಪ್ರಮೇಯ ಅವರಿಗೆ ಇದುವರೆಗೆ ಬಂದಿಲ್ಲ.