ಪಾಯಿಂಟ್ ಟೂಟೂಗೆ ಕಾರ್ಬೈನ್ ರೂಪ

ಪ್ರಶ್ನೆ: ನಮ್ಮ ಅಜ್ಜ ರೈಫಲ್ ಕ್ಲಬ್ಬಿನ ಸದಸ್ಯರಾಗಿದ್ದಾಗ ಕೊಂಡ ಪಾಯಿಂಟ್ ಟೂಟೂ (.22) ಬೋಲ್ಟ್ ರೈಫಲ್ ಒಂದು ಈಗ ಕಾಕಾ ಅವರ ಲೈಸೆನ್ಸಿನಲ್ಲಿದೆ. ಅದರ ಕಟ್ಟಿಗೆ (ಸ್ಟಾಕ್) ಸೀಳಿದೆ. ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗ ತನ್ನ ಪಾಯಿಂಟ್ ಟೂಟೂಗೆ ಎರಡನೇ ಮಹಾಯುದ್ಧದ ಎಂ-1 ಕಾರ್ಬೈನಿನ ರೂಪ ಕೊಟ್ಟು ಫೋಟೊ ಕಳಿಸಿದ್ದಾನೆ. ನೋಡಿದರೆ ಯುದ್ಧದ ಸಿನಿಮಾದಿಂದ ಎದ್ದು ಬಂದಂತಿದೆ. ರೋಣದಲ್ಲಿ ನಮಗೆ ಒಳ್ಳೆಯ ಬಡಿಗರು ಗೊತ್ತು. ನಾವೂ ಹಾಗೆ ಮಾಡಿಸಬಹುದೇ? ಅಲ್ಲಿ ಅಷ್ಟು ಸಲೀಸಾದ ಕೆಲಸಕ್ಕೆ ಇಲ್ಲೇಕೆ ಇಷ್ಟು ಬಿಗಿ?
– ಓದುಗರೊಬ್ಬರು, ಗಜೇಂದ್ರಗಡ

ಉತ್ತರ: ಕಟ್ಟಿಗೆ ಬದಲಿಸಬಹುದು, ನಳಿಗೆ ಮುಟ್ಟಬಾರದು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ನಿಮ್ಮ ಮನಸ್ಸಿನಲ್ಲಿರುವ ಆ ಕಾರ್ಬೈನ್ ರೂಪ ನಳಿಗೆ ಮುಟ್ಟದೆ ಬರುವಂಥದ್ದಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಎಂ-1 ಕಾರ್ಬೈನನ್ನು ಅಮೆರಿಕದ ಸೈನ್ಯ ಒಪ್ಪಿಕೊಂಡದ್ದು 1941ರಲ್ಲಿ. ಮುಂಚೂಣಿಯ ಕಾಲಾಳಿಗಲ್ಲ, ಲಾರಿ ಓಡಿಸುವವರು, ತೋಪು ನಡೆಸುವವರು, ತಂತಿ ಎಳೆಯುವವರು ಇಂಥವರಿಗೆ ಹಗುರವಾದ ಒಂದು ಆಯುಧ ಬೇಕಾಗಿತ್ತು. ತೂಕ ಎರಡೂವರೆ ಕಿಲೋದ ಆಸುಪಾಸು, ಉದ್ದ 90 ಸೆಂಟಿಮೀಟರ್. ಯುದ್ಧ ಮುಗಿಯುವ ಹೊತ್ತಿಗೆ 60 ಲಕ್ಷಕ್ಕೂ ಹೆಚ್ಚು ತಯಾರಾಗಿದ್ದವು. ಬಂದೂಕಿನ ಕಾರ್ಖಾನೆಗಳು ಸಾಲದೆ, ಟೈಪ್‌ರೈಟರ್ ಮಾಡುತ್ತಿದ್ದ ಅಂಡರ್‌ವುಡ್, ಲೆಕ್ಕದ ಯಂತ್ರ ಮಾಡುತ್ತಿದ್ದ ಐಬಿಎಂ, ಹಾಡಿನ ಪೆಟ್ಟಿಗೆ ಮಾಡುತ್ತಿದ್ದ ರಾಕ್-ಓಲಾ ಕೂಡ ಇದನ್ನು ಮಾಡಿಕೊಟ್ಟವು. ಅದರ ಕಟ್ಟಿಗೆಯಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಸಣ್ಣ ಉಪಾಯ. ಭುಜಕ್ಕೆ ಆನಿಸುವ ಹಿಂಭಾಗದಲ್ಲಿ ಆರುಪಾರು ಒಂದು ಉದ್ದನೆಯ ಕಂಡಿ ಕೊರೆದಿರುತ್ತದೆ. ಹೆಗಲಪಟ್ಟಿ ಅದರೊಳಗಿಂದ ಹಾಯ್ದು ಬರುತ್ತದೆ. ಎಣ್ಣೆ ತುಂಬಿದ ಕಿರುಬೆರಳ ಗಾತ್ರದ ಉಕ್ಕಿನ ಕೊಳವೆಯೊಂದು ಆ ಕಂಡಿಯಲ್ಲಿ ಕೂತು ಪಟ್ಟಿ ಜಾರದಂತೆ ಹಿಡಿಯುತ್ತದೆ. ಬಂದೂಕಿಗೆ ಎಣ್ಣೆ ಬಿಡುವ ಡಬ್ಬಿಯೂ ಅದೇ, ಪಟ್ಟಿಯ ಬೀಗವೂ ಅದೇ. ನಿಮ್ಮ ಅಳಿಯ ಕಳಿಸಿದ ಫೋಟೊದಲ್ಲಿ ಈ ಕೊಳವೆ ಕಾಣುತ್ತದೆಯೇ ನೋಡಿ. ಕಂಡರೆ ಆತ ಮನಸ್ಸಿಟ್ಟು ಮಾಡಿದ್ದಾನೆ ಎಂದರ್ಥ.

ಅಲ್ಲಿ ಇಂಥ ಕೆಲಸಕ್ಕೆ ಹೆಚ್ಚಾಗಿ ಆರಿಸಿಕೊಳ್ಳುವುದು 1964ರಲ್ಲಿ ಬಂದ ರೂಗರ್ 10/22 ಎಂಬ ಪಾಯಿಂಟ್ ಟೂಟೂ. ಅದರ ನಳಿಗೆ ಸುಮಾರು 47 ಸೆಂಟಿಮೀಟರ್. ಎಂ-1ರದ್ದು ಸುಮಾರು 46. ಹೊಂದಾಣಿಕೆ ತಾನಾಗಿಯೇ ಇದೆ. ಹಳೆಯ ಕಟ್ಟಿಗೆ ಕಳಚಿ, ಎಂ-1 ಆಕಾರದ ಕಟ್ಟಿಗೆ ಕೂರಿಸಿ, ನಳಿಗೆಯ ಮೇಲೊಂದು ಮರದ ಮುಚ್ಚಳ, ಅದನ್ನು ಬಿಗಿಹಿಡಿಯುವ ಉಕ್ಕಿನ ಬಳೆ, ಮುಂದೆ ಎರಡು ಕಿವಿಯ ಗುರಿಕಡ್ಡಿ ಹಾಕಿದರೆ ಕೆಲಸ ಮುಗಿಯಿತು. ಒಂದು ಸಂಜೆಯಲ್ಲಿ ಆಗುವಂಥದ್ದು.

ಒಳಗಿನ ಸತ್ವ ಮಾತ್ರ ಬೇರೆಯೇ. ಪಾಯಿಂಟ್ ಟೂಟೂ ತೋಟಾದಲ್ಲಿ ಕಿಡಿಮದ್ದು ಇರುವುದು ತಳದ ಅಂಚಿನ ಮಡಿಕೆಯಲ್ಲಿ. ಕುದುರೆ ಎಳೆದಾಗ ಮೊಳೆ ಆ ಅಂಚನ್ನು ಜಜ್ಜುತ್ತದೆ. ಜಜ್ಜಿದರೆ ನಜ್ಜಾಗಬೇಕಾದ್ದರಿಂದ ತೋಟಾದ ತಗಡು ತೆಳ್ಳಗೇ ಇರಬೇಕು, ತೆಳ್ಳಗಿದ್ದ ಮೇಲೆ ಒಳಗಿನ ಒತ್ತಡವೂ ಕಡಿಮೆಯೇ ಇರಬೇಕು. ಹೀಗಾಗಿ ಅದರ ಗುಂಡು ಸುಮಾರು 2.6 ಗ್ರಾಂ, ವೇಗ ಸೆಕೆಂಡಿಗೆ 330ರಿಂದ 380 ಮೀಟರ್. ಎಂ-1ರ ಗುಂಡು 7 ಗ್ರಾಂ ದಾಟುತ್ತದೆ, ವೇಗ 600 ಮೀಟರ್ ಹತ್ತಿರ. ಶಕ್ತಿಯಲ್ಲಿ ಏಳರಿಂದ ಒಂಬತ್ತು ಪಟ್ಟಿನ ಅಂತರ. ಹಾಗೆಂದು ಪಾಯಿಂಟ್ ಟೂಟೂ ಆಟಿಕೆಯಲ್ಲ. ನಳಿಗೆ ಮೇಲೆತ್ತಿ ಹಾರಿಸಿದ ಗುಂಡು ಒಂದೂವರೆ ಕಿಲೋಮೀಟರ್ ತನಕ ಹೋಗಬಲ್ಲದು. ನರಗುಂದದ ಸುತ್ತಿನ ಎರಿಹೊಲಗಳಲ್ಲಿ ಗುಂಡು ತಡೆಯಲು ಒಂದು ದಿಬ್ಬವಿಲ್ಲ, ಗಿಡಗಳೂ ಅಪರೂಪ. ಆ ಬಯಲಿನಲ್ಲಿ ಒಂದೂವರೆ ಕಿಲೋಮೀಟರ್ ಎಂದರೆ ಮುಂದಿನ ಊರಿನ ಅಗಸಿಯೇ ಆಗಬಹುದು.

ಈಗ ನಿಮ್ಮ ರೈಫಲ್. ಅಜ್ಜನ ಕಾಲದ ಬೋಲ್ಟ್ ಪಾಯಿಂಟ್ ಟೂಟೂಗಳ ನಳಿಗೆ ಸಾಮಾನ್ಯವಾಗಿ 60 ಸೆಂಟಿಮೀಟರ್ ಅಥವಾ ಇನ್ನೂ ಉದ್ದ ಇರುತ್ತದೆ. ಅದಕ್ಕೆ ಎಂ-1ರ ಗಿಡ್ಡ ಕಟ್ಟಿಗೆ ತೊಡಿಸಿದರೆ ಮುಂದೆ ಗೇಣುದ್ದ ನಳಿಗೆ ಬರಿದಾಗಿ ಚಾಚಿಕೊಂಡು ಕಾರ್ಬೈನಿನ ಕಳೆಯೇ ಬರುವುದಿಲ್ಲ. ಆಗ ಹತ್ತಿರದವರು ಯಾರಾದರೂ "ಅಷ್ಟು ಕೊಯ್ದು ಬಿಡ್ರಿ, ಯಾರ್ ನೋಡ್ತಾರ" ಎನ್ನುತ್ತಾರೆ. ಅಲ್ಲೇ ನಿಲ್ಲಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ಪ್ರತ್ಯೇಕ ಲೈಸೆನ್ಸ್ ಇಲ್ಲದೆ ನಳಿಗೆ ಗಿಡ್ಡ ಮಾಡುವುದನ್ನು ಹೆಸರಿಟ್ಟೇ ನಿಷೇಧಿಸುತ್ತದೆ. 2019ರ ತಿದ್ದುಪಡಿ ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಮಾರ್ಪಡಿಸುವುದನ್ನೂ ಅದೇ ಸಾಲಿಗೆ ಸೇರಿಸಿತು. ಶಿಕ್ಷೆ ಕನಿಷ್ಠ ಏಳು ವರ್ಷ, ಜೀವಾವಧಿಯವರೆಗೂ ಹೋಗಬಹುದು. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ಇದೆಯೆಂಬ ಕಾರಣಕ್ಕೆ ಇದರಿಂದ ವಿನಾಯಿತಿ ಸಿಗುವುದಿಲ್ಲ. ಉಕ್ಕಿನ ಮೇಲೆ ಕೆತ್ತಿದ ತಯಾರಕರ ಹೆಸರು, ನಂಬರು ಅಳಿಸುವುದೂ ಪ್ರತ್ಯೇಕ ಅಪರಾಧ. ಹಳೆಯದನ್ನು ಹೊಸದು ಮಾಡುವ ಉತ್ಸಾಹದಲ್ಲಿ ಮರಳು ಕಾಗದ ಹಿಡಿದು ಆ ಅಕ್ಷರಗಳನ್ನು ಉಜ್ಜಿಬಿಡುವವರಿದ್ದಾರೆ. ಅದು ಬೇಡವೇ ಬೇಡ.

ಹಾಗಾದರೆ ಸೈನಿಕ ರೂಪದ ಆಸೆ ಬಿಡಬೇಕೇ? ಬೇಕಿಲ್ಲ. ನಿಮ್ಮ ಉದ್ದನೆಯ ನಳಿಗೆಗೆ ಹೇಳಿ ಮಾಡಿಸಿದ ಮಾದರಿ ನಮ್ಮ ನೆಲದಲ್ಲೇ ಇದೆ. ಎನ್‌ಸಿಸಿಯಲ್ಲಿದ್ದವರನ್ನು ಕೇಳಿ. ಕ್ಯಾಂಪಿನಲ್ಲಿ ಮಲಗಿಕೊಂಡು 25 ಗಜದ ಗುರಿಗೆ ಹೊಡೆದ ಆ ರೈಫಲ್ ಎಷ್ಟೋ ಕಡೆ 'ನಂಬರ್ 2, ಮಾರ್ಕ್ 4' ಆಗಿತ್ತು. ನೋಡಲು ಮೊದಲ ಮಹಾಯುದ್ಧದ .303 ಲೀ-ಎನ್‌ಫೀಲ್ಡ್, ಹೊಡೆಯುವುದು ಪಾಯಿಂಟ್ ಟೂಟೂ. ಸೇನೆಯೇ ತನ್ನ ಸೈನಿಕ ರೈಫಲಿಗೆ ಸಣ್ಣ ತೋಟಾ ಹೊಡೆಯುವ ನಳಿಗೆ ಹಾಕಿಸಿತ್ತು. ಕಾರಣ ಖರ್ಚು. ಹೊಸಬರಿಗೆ .303 ತೋಟಾ ಕೊಟ್ಟು ಕಲಿಸುವುದು ದುಬಾರಿ, ಉದ್ದ ಮೈದಾನವೂ ಬೇಕು, ಭುಜದ ಏಟಿಗೆ ಅಂಜಿ ಕಣ್ಣು ಮುಚ್ಚುವವರೇ ಹೆಚ್ಚು. ಅದೇ ತೂಕ, ಅದೇ ಬೋಲ್ಟ್, ಅದೇ ಗುರಿಕಟ್ಟು ಇಟ್ಟು ತೋಟಾ ಮಾತ್ರ ಸಣ್ಣದು ಮಾಡಿದರೆ ಕೈ ಪಳಗುತ್ತದೆ. ಕೆಲವಕ್ಕೆ ಹಳೆಯ ನಳಿಗೆಯೊಳಗೇ ಸಣ್ಣ ನಳಿಗೆ ತೂರಿಸುತ್ತಿದ್ದರು, ಬರ್ಮಿಂಗ್‌ಹ್ಯಾಮಿನ ಪಾರ್ಕರ್ ಕಂಪನಿ ಅದಕ್ಕೆ ಹೆಸರಾಗಿತ್ತು. ಇನ್ನು ಕೆಲವಕ್ಕೆ ಹೊಸದಾಗಿ ಕೊರೆದ ನಳಿಗೆ. ಒಂದೊಂದೇ ತೋಟಾ ಕೈಯಿಂದ ಹಾಕಬೇಕು. ಕೆಳಗಿನ ಮ್ಯಾಗಜಿನ್ ಬರೀ ಖಾಲಿ ಡಬ್ಬಿ. ಬೋಲ್ಟ್ ಹಿಂದಕ್ಕೆಳೆದಾಗ ಹಾರಿಸಿ ಮುಗಿದ ಚಿಪ್ಪು ಅದರೊಳಗೆ ಬೀಳುತ್ತಿತ್ತು. ಚಿಪ್ಪು ಎಣಿಸಿ ಒಪ್ಪಿಸಬೇಕಾದ ಹವಾಲ್ದಾರರಿಗೆ ಅದರಿಂದ ಎಷ್ಟು ಅನುಕೂಲವಾಗಿರಬೇಕು!

ಆ ಲೀ-ಎನ್‌ಫೀಲ್ಡಿನ ನಳಿಗೆ 64 ಸೆಂಟಿಮೀಟರ್. ಕಟ್ಟಿಗೆ ನಳಿಗೆಯ ತುದಿಯವರೆಗೂ ಹೊದ್ದುಕೊಂಡಿರುತ್ತದೆ. ನಿಮ್ಮದರ ನಳಿಗೆ 60–64 ಸೆಂಟಿಮೀಟರ್ ಇದ್ದರೆ, ಒಂದು ಎಳೆ ಉಕ್ಕು ಕೊಯ್ಯದೆ ಆ ರೂಪ ತರಬಹುದು. ಪಡ್ಡೆ ಹುಡುಗರಿಗೆ ಎಂ-1 ಚೆಂದ ಕಂಡೀತು. ನನಗಂತೂ ಅಜ್ಜನ ರೈಫಲಿಗೆ ಈ ರೂಪವೇ ಒಪ್ಪುವುದೆಂದು ತೋರುತ್ತದೆ.

ರೋಣದ ಬಡಿಗರ ವಿಷಯಕ್ಕೆ ಬರೋಣ. ಕಾಯ್ದೆಯ 5ನೇ ಕಲಂ ಪ್ರಕಾರ ಬಂದೂಕು ತಯಾರಿಸಲು, ಮಾರ್ಪಡಿಸಲು, ರಿಪೇರಿ ಮಾಡಲು ಪ್ರತ್ಯೇಕ ಲೈಸೆನ್ಸ್ ಬೇಕು. ಆದ್ದರಿಂದ ರೈಫಲನ್ನು ಬಡಿಗರ ಸಾಲೆಯಲ್ಲಿ ಬಿಟ್ಟು ಬರುವಂತಿಲ್ಲ. ಲೈಸೆನ್ಸಿರುವ ಬಂದೂಕಿನ ಅಂಗಡಿಯ ರಿಪೇರಿಗಾರರ ಹತ್ತಿರ ಕಾಕಾ ಅವರೇ ಲೈಸೆನ್ಸ್ ಪುಸ್ತಕ ಹಿಡಿದು ಒಯ್ಯಬೇಕು. ಬಡಿಗರು ಮರ ಕೊಯ್ದು, ಸೀಳಿದ ಹಳೆಯ ಕಟ್ಟಿಗೆ ನೋಡಿ ಹೊರಗಿನ ಆಕಾರ ಕೆತ್ತಿ ಕೊಡಲಿ. ಉಕ್ಕು ಕೂರಿಸುವ ಕೆಲಸ ರಿಪೇರಿಗಾರರದು.

ಮರ ಯಾವುದು? ಕುಂಟೆ, ಕೂರಿಗೆ, ಬಂಡಿಗೆ ನಮ್ಮ ಕಡೆ ಜಾಲಿಯೇ ರೂಢಿ, ಆದರೆ ರೈಫಲಿಗೆ ಅದು ವಿಪರೀತ ಭಾರ. ಸಾಗವಾನಿ ಹಗುರ, ಹವೆಗೆ ಅಲುಗುವುದಿಲ್ಲ. ಆದರೆ ಹಿಡಿಯುವ ಸಣ್ಣ ಜಾಗದಲ್ಲಿ ಎಳೆ ಅಡ್ಡ ಬಂದರೆ ಅಲ್ಲೇ ಸೀಳುತ್ತದೆ. ಸೈನಿಕ ರೈಫಲುಗಳ ಮರ ಬಹುಮಟ್ಟಿಗೆ ಅಕ್ರೋಟ್. ಅದು ಸಿಗದಿದ್ದರೆ ಚೆನ್ನಾಗಿ ಒಣಗಿದ ಶೀಸಂ ಇರಲಿ, ಸ್ವಲ್ಪ ತೂಕ ಹೆಚ್ಚಾದರೂ ಬಾಳುತ್ತದೆ. ಮರದ ಎಳೆ ಆ ಸಣ್ಣ ಕುತ್ತಿಗೆಯಲ್ಲಿ ಉದ್ದಕ್ಕೇ ಹರಿಯುವಂತೆ ಹಲಗೆ ಆರಿಸಿಕೊಳ್ಳಿ. ನಿಮ್ಮ ಹಳೆಯದು ಸೀಳಿದ್ದೂ ಬಹುಶಃ ಅಲ್ಲೇ.

ಉಕ್ಕನ್ನು ಮರದಲ್ಲಿ ಕೂರಿಸುವುದು ನೋಡಬೇಕಾದ ಕೆಲಸ. ಒಳ್ಳೆಯ ಕೆಲಸಗಾರರು ಉಕ್ಕಿನ ತಳಕ್ಕೆ ದೀಪದ ಕಪ್ಪು ಹಿಡಿಸಿ ಮರದ ಕೊರೆತದಲ್ಲಿ ಒತ್ತುತ್ತಾರೆ. ಎತ್ತಿ ನೋಡಿದರೆ ಮರ ಎಲ್ಲೆಲ್ಲಿ ಉಬ್ಬಿದೆಯೋ ಅಲ್ಲಲ್ಲಿ ಕಪ್ಪು ಅಂಟಿರುತ್ತದೆ. ಅಷ್ಟನ್ನೇ ಉಳಿಯಿಂದ ಹೆರೆದು ಮತ್ತೆ ಒತ್ತುತ್ತಾರೆ. ಕಪ್ಪು ತಳದ ತುಂಬ ಒಂದೇ ಸಮ ಹರಡುವ ತನಕ ಇದೇ ನಡೆಯುತ್ತದೆ. ಆತುರ ಮಾಡಿ ಸ್ಕ್ರೂ ಬಿಗಿದು ಕೂರಿಸಿದರೆ ಒಂದು ಮೂಲೆಯಲ್ಲಿ ಒತ್ತಡ ಉಳಿದು, ಮಳೆಗಾಲಕ್ಕೊಂದು ಬೇಸಿಗೆಗೊಂದು ಕಡೆ ಗುಂಡು ಬೀಳತೊಡಗುತ್ತದೆ. ತುದಿಯವರೆಗೂ ಕಟ್ಟಿಗೆ ಹೊದಿಸುವ ರೂಪದಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಆದ್ದರಿಂದ ಮುಂಭಾಗದಲ್ಲಿ ನಳಿಗೆಗೂ ಮರಕ್ಕೂ ನಡುವೆ ಕಾಗದ ಸರಿದಾಡುವಷ್ಟು ಸಂದು ಬಿಡಿಸಿ. ಬಣ್ಣ, ಪಾಲಿಶ್ ಯಾವುದೂ ಬೇಡ. ಸೈನಿಕ ರೈಫಲುಗಳ ಕಟ್ಟಿಗೆಗೆ ಕುಡಿಸುತ್ತಿದ್ದದ್ದು ಅಗಸಿ ಎಣ್ಣೆ. ಅಗಸಿ ನಿಮ್ಮ ಎರಿಹೊಲದ ಹಿಂಗಾರಿ ಬೆಳೆ. ಗಾಣದ ಎಣ್ಣೆ ತಂದು ತೆಳ್ಳಗೆ ಹಚ್ಚಿ ಅಂಗೈಯಿಂದ ಉಜ್ಜಿ, ಒಣಗಲು ಬಿಟ್ಟು ಮತ್ತೆ ಹಚ್ಚುತ್ತ ಹೋದರೆ ಕೆಲವು ವಾರಗಳಲ್ಲಿ ಮರ ಒಳಗಿನಿಂದ ಕೆಂಪೇರುತ್ತದೆ. ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ, ಅಗಸಿ ಎಣ್ಣೆಯ ಬಟ್ಟೆ ತಾನೇ ಕಾದು ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರವಿ ಒಣಗಿಸಿ.

"ಇಲ್ಲೇಕೆ ಇಷ್ಟು ಬಿಗಿ" ಎಂದು ಕೇಳಿದ್ದೀರಿ. ಈ ಪ್ರಶ್ನೆ ಗಜೇಂದ್ರಗಡದಿಂದ ಬಂದದ್ದು ನನಗೆ ಬಹಳ ಹಿಡಿಸಿತು, ಏಕೆಂದರೆ ಅದರ ಉತ್ತರದ ದೊಡ್ಡ ಪಾಲು ನಿಮ್ಮ ಸುತ್ತಲೇ ನಡೆದದ್ದು. 1857ರಲ್ಲಿ ಅಮೆರಿಕದ ಸ್ಮಿತ್ ಆ್ಯಂಡ್ ವೆಸ್ಸನ್ ಕಂಪನಿ ಮೊದಲ ಪಾಯಿಂಟ್ ಟೂಟೂ ತೋಟಾವನ್ನು ಮಾರುಕಟ್ಟೆಗೆ ತಂದಿತು, ಯಾರು ಬೇಕಾದರೂ ಕೊಳ್ಳಲಿ ಎಂದು. ಅದೇ ವರ್ಷ ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರ ನಮ್ಮಲ್ಲಿ ನಿಶ್ಶಸ್ತ್ರೀಕರಣದ ಕಾಯ್ದೆ ತಂದು ಮನೆಮನೆಯ ಆಯುಧ ಕೇಳಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ಆಯುಧ ಅವರಿಗೆ ಬೇಟೆಯ ಅನ್ನ, ಕುಲದ ಮಾನ. ನವೆಂಬರಿನಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು, ಸಿಕ್ಕವರನ್ನು ಗಲ್ಲಿಗೇರಿಸಿತು. ಅವರ ಲಾವಣಿಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ.

ಮುಂದಿನ ವರ್ಷ ನರಗುಂದ. ಬ್ರಿಟಿಷರು ದತ್ತಕ ನಿರಾಕರಿಸಿದ್ದಕ್ಕೆ ಕುದಿಯುತ್ತಿದ್ದ ಅಲ್ಲಿನ ಸಂಸ್ಥಾನಿಕ ಬಾಬಾಸಾಹೇಬ ಭಾವೆ ಎದ್ದುನಿಂತರು. ಮುಂಡರಗಿ ಭೀಮರಾಯರು ಅತ್ತ ಡಂಬಳದ ಖಜಾನೆಗೆ ನುಗ್ಗಿದರು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ. ಜೂನ್ ಮೊದಲ ವಾರದಲ್ಲೇ ನರಗುಂದದ ಕೋಟೆ ಬಿತ್ತು, ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲಾಯಿತು. ಆಮೇಲೆ 1878ರ ಶಸ್ತ್ರ ಕಾಯ್ದೆ ಬಂತು. ಆಯುಧ ಇಟ್ಟುಕೊಳ್ಳುವುದು ಹಕ್ಕಲ್ಲ, ಸರ್ಕಾರ ದಯಪಾಲಿಸುವ ಅನುಮತಿ ಎಂಬುದನ್ನು ಅದು ಗಟ್ಟಿ ಮಾಡಿತು. ಸ್ವತಂತ್ರ ಭಾರತದ 1959ರ ಕಾಯ್ದೆಯೂ ಲೈಸೆನ್ಸಿನ ಚೌಕಟ್ಟು ಉಳಿಸಿಕೊಂಡಿತು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯವರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿ ನಮ್ಮ ಗದಗ ಜಿಲ್ಲೆಗಿಲ್ಲ. ನನ್ನನ್ನು ಕೇಳಿದರೆ ಆ ಚೌಕಟ್ಟು ಹುಟ್ಟಿದ ಬಗೆ ಅನ್ಯಾಯದ್ದು, ಇಂದು ಅದು ಉಳಿದಿರುವುದು ಒಳ್ಳೆಯದು. ಹೊಲದ ಬದುವಿನ ಜಗಳ, ಚುನಾವಣೆಯ ಕಾವು ಕಂಡವರಿಗೆ ಈ ಎರಡನ್ನೂ ಒಟ್ಟಿಗೆ ಒಪ್ಪುವುದು ಕಷ್ಟವಾಗಲಾರದು.

ಅದೇ ಕಾಯ್ದೆಯ 13ನೇ ಕಲಂ ಪಾಯಿಂಟ್ ಟೂಟೂವನ್ನು ಯಾವುದಕ್ಕೆ ಎಂದು ಹೇಳುತ್ತದೆ ನೋಡಿ: ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರ ಗುರಿ ಅಭ್ಯಾಸಕ್ಕೆ. ಬೆಳೆ ಕಾಯಲು ಅದು ಹೆಸರಿಸುವುದು ಮದ್ದು ತುಂಬಿ ಹೊಡೆಯುವ ಬಂದೂಕನ್ನು. ರೋಣ, ನರಗುಂದದ ಕಡೆ ಕಡಲೆಗೆ ಚಿಗರಿ ಬೀಳುತ್ತವೆ, ರೈತರ ಸಂಕಟ ನಿಜ. ಆದರೆ ಚಿಗರಿ, ಅಂದರೆ ಕೃಷ್ಣಮೃಗ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯ ಪ್ರಾಣಿ, ಹೊಡೆಯುವಂತಿಲ್ಲ. ಹೊಸ ಕಟ್ಟಿಗೆಯ ರೈಫಲನ್ನು ಪರೀಕ್ಷಿಸಲೆಂದು ಹೊಲಕ್ಕೆ ಒಯ್ಯಬೇಡಿ.

ಇನ್ನೊಂದು ಮಾತು, ಚುನಾವಣೆ ಬಂದಾಗಲೆಲ್ಲ ಲೈಸೆನ್ಸ್‌ದಾರರು ಬಂದೂಕನ್ನು ಠಾಣೆಗೆ ಒಪ್ಪಿಸುತ್ತಾರಲ್ಲ, ಅಲ್ಲಿ ಪುಸ್ತಕದಲ್ಲಿರುವ ವಿವರಕ್ಕೂ ಎದುರಿಗಿರುವ ಬಂದೂಕಿಗೂ ತಾಳೆ ನೋಡುತ್ತಾರೆ. ಹಳೆಯ ಪಾಯಿಂಟ್ ಟೂಟೂ ಕೊಟ್ಟು ಹೋಗಿದ್ದವರು ಸೈನಿಕ ರೈಫಲಿನಂಥದ್ದು ತಂದರೆ ಪ್ರಶ್ನೆ ಏಳುವುದು ಸಹಜ. .303 ಸಾಮಾನ್ಯರಿಗೆ ನಿಷೇಧಿತ ಬೋರ್ ಆಗಿರುವುದರಿಂದ ಅನುಮಾನ ಇನ್ನೂ ಬಲವಾಗಿರುತ್ತದೆ. ಕೆಲಸ ಶುರು ಮಾಡುವ ಮೊದಲೇ ಕಾಕಾ ಅವರಿಂದ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರ ಶಾಖೆಗೆ ಒಂದು ಅರ್ಜಿ ಕೊಡಿಸಿ, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕಟ್ಟಿಗೆ ಸೀಳಿದೆ, ಹೊಸದು ಹಾಕಿಸುತ್ತಿದ್ದೇನೆ, ನಂಬರು ಇಂಥದ್ದು, ನಳಿಗೆ ಇಷ್ಟು ಉದ್ದ, ಎರಡೂ ಬದಲಾಗುವುದಿಲ್ಲ ಎಂದು ಬರೆದರೆ ಸಾಕು. ರಿಪೇರಿಗಾರರ ರಸೀದಿ, ಮೊದಲಿನ ಮತ್ತು ಆಮೇಲಿನ ಫೋಟೊ ಲೈಸೆನ್ಸ್ ಪುಸ್ತಕದೊಳಗೇ ಇರಲಿ. ಸೀಳಿದ ಹಳೆಯ ಕಟ್ಟಿಗೆಯನ್ನು ಒಲೆಗೆ ಹಾಕಬೇಡಿ. ಮುಂದೆಂದಾದರೂ ರೈಫಲ್ ಮಾರಬೇಕಾದರೆ ಕೊಳ್ಳುವವರು ಅದನ್ನೇ ಮೊದಲು ಕೇಳುತ್ತಾರೆ.