ಈ ಹಣ ಯಾರದು? ಕಾನೂನು ವಿದ್ಯಾರ್ಥಿಗಳ ರಜೆಗೊಂದು ಹೊಸ ಕಲಿಕೆ

ಟರ್ಕಿ ಮೂಲದ ಚೆಲೆಬಿ ಸಂಸ್ಥೆ ಬೆಂಗಳೂರು ಸೇರಿದಂತೆ ಒಂಬತ್ತು ವಿಮಾನ ನಿಲ್ದಾಣಗಳಲ್ಲಿ ಸರಕು ಸಾಗಣೆ, ಗ್ರೌಂಡ್ ಹ್ಯಾಂಡ್ಲಿಂಗ್ ಕೆಲಸ ಮಾಡುತ್ತಿತ್ತು. 2025ರ ಮೇ 15ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ಭದ್ರತೆಯ ಕಾರಣ ನೀಡಿ ಅದರ ಭದ್ರತಾ ಅನುಮತಿಯನ್ನು ರದ್ದುಪಡಿಸಿತು. ಕಂಪನಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಜುಲೈ 7ರಂದು ಅರ್ಜಿ ವಜಾ ಆಯಿತು.

ವಿದೇಶಿ ಹೂಡಿಕೆಗೂ ದೇಶದ ಭದ್ರತೆಗೂ ಸಂಬಂಧಿಸಿದ ಕಾನೂನಿಗೆ ಎಷ್ಟು ಬಲವಿದೆ ಎಂಬುದಕ್ಕೆ ಈ ಒಂದು ಪ್ರಕರಣ ಸಾಕು. ತರಗತಿಯ ಪಾಠದಿಂದಷ್ಟೇ ಇದು ದಕ್ಕುವುದಿಲ್ಲ. ಬೇಸಿಗೆ ರಜೆಯ ಇಂಟರ್ನ್‌ಶಿಪ್ಪನ್ನು ಇದಕ್ಕೆ ಬಳಸಿಕೊಳ್ಳುವ ಬಗೆ ಇಲ್ಲಿದೆ.

1. ರಜೆಯ ಲೆಕ್ಕ ಹಾಕಿ

ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ ಮೂರು ವರ್ಷದ ಎಲ್‌ಎಲ್‌ಬಿಯವರು ಒಟ್ಟು 12 ವಾರ, ಐದು ವರ್ಷದ ಕೋರ್ಸಿನವರು 20 ವಾರ ಇಂಟರ್ನ್‌ಶಿಪ್ ಮುಗಿಸಬೇಕು. ಒಂದು ವರ್ಷದಲ್ಲಿ ಸತತ ನಾಲ್ಕು ವಾರ ಮೀರುವಂತಿಲ್ಲ. ಕೈಗೆ ಸಿಗುವುದು ಅಷ್ಟೇ ಅವಧಿಯಾದ್ದರಿಂದ ಓದು ಮೊದಲೇ ಮುಗಿದಿರಲಿ. ಮೇ ತಿಂಗಳಿಗೆ ಬೇಕಾದರೆ ನವೆಂಬರ್, ಡಿಸೆಂಬರ್‌ನಲ್ಲೇ ಅರ್ಜಿ ಹಾಕುವುದು ಒಳ್ಳೆಯದು.

2. ಮೂಲ ಕಾನೂನು ಓದಿ

1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾದಿಂದ ಶುರು ಮಾಡಿ. ಅದರಡಿಯ 2019ರ ಸಾಲೇತರ ಸಾಧನಗಳ ನಿಯಮಗಳಲ್ಲಿ 6ನೇ ನಿಯಮವನ್ನು ಗಮನವಿಟ್ಟು ಓದಿ. ಜೊತೆಗೆ 2020ರ ಏಪ್ರಿಲ್ 17ರ ಪ್ರೆಸ್ ನೋಟ್ 3 ಇರಲಿ. ಕೋವಿಡ್ ಹೊಡೆತಕ್ಕೆ ಸಿಕ್ಕ ಭಾರತೀಯ ಕಂಪನಿಗಳನ್ನು ಅವಕಾಶ ನೋಡಿ ಯಾರೂ ಕಬಳಿಸಬಾರದೆಂದು ಇದು ಬಂತು. ಭಾರತದೊಂದಿಗೆ ಭೂಗಡಿ ಹಂಚಿಕೊಂಡ ದೇಶದಿಂದ ಬರುವ ಹೂಡಿಕೆಗೆ, ಹೂಡಿಕೆಯ ನಿಜವಾದ ಫಲಾನುಭವಿ ಅಂಥ ದೇಶದವನಾಗಿದ್ದರೂ, ಸರ್ಕಾರದ ಪೂರ್ವಾನುಮತಿ ಬೇಕೆಂದು ಅದು ಹೇಳಿತು. ಈ ನಿಯಮಗಳು ಆಗಾಗ ಬದಲಾಗುತ್ತವೆ. ಇತ್ತೀಚಿನ ತಿದ್ದುಪಡಿ ನೋಡದೆ ಯಾವ ಟಿಪ್ಪಣಿಯನ್ನೂ ಬರೆಯಬೇಡಿ.

3. ಮೂರು ತೀರ್ಪು ಒಟ್ಟಿಗೆ ಓದಿ

ಸುಪ್ರೀಂ ಕೋರ್ಟಿನ ಎಕ್ಸ್-ಆರ್ಮಿಮೆನ್ಸ್ ಪ್ರೊಟೆಕ್ಷನ್ ಸರ್ವಿಸಸ್ (2014), ಡಿಜಿ ಕೇಬಲ್ ನೆಟ್‌ವರ್ಕ್ (2019) ಮತ್ತು ಮಾಧ್ಯಮಂ ಬ್ರಾಡ್‌ಕಾಸ್ಟಿಂಗ್ (2023) ಪ್ರಕರಣಗಳು. ಮೂರರಲ್ಲೂ ಎದ್ದ ಪ್ರಶ್ನೆ ಭದ್ರತಾ ಅನುಮತಿಯದೇ. ಮೊದಲೆರಡು ತೀರ್ಪುಗಳು ರಾಷ್ಟ್ರೀಯ ಭದ್ರತೆಯ ವಿಷಯದಲ್ಲಿ ಸಹಜ ನ್ಯಾಯದ ತತ್ವಗಳನ್ನು ಸಡಿಲಿಸಬಹುದು ಎಂದವು. ಮೂರನೆಯದು ಸಾಕಷ್ಟು ಆಧಾರವಿಲ್ಲದೆ ಭದ್ರತೆಯ ಹೆಸರು ಹೇಳಿ ಹಕ್ಕು ಮೊಟಕುಗೊಳಿಸುವಂತಿಲ್ಲ ಎಂದಿತು, ಮುಚ್ಚಿದ ಲಕೋಟೆಯ ಪದ್ಧತಿಯನ್ನೂ ಟೀಕಿಸಿತು. ಈ ಎರಡು ನಿಲುವುಗಳ ನಡುವಿನ ಎಳೆದಾಟ ಅರ್ಥವಾದರೆ ವಿಷಯದ ಒಳಗೆ ಕಾಲಿಟ್ಟಂತೆ.

4. ಒಡೆತನದ ನಕ್ಷೆ ಬರೆಯಲು ಕಲಿಯಿರಿ

ಕಿರಿಯರ ಮೇಜಿಗೆ ಹೆಚ್ಚಾಗಿ ಬರುವುದು ಇದೇ ಕೆಲಸ. ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಕೆಳಗೆ ಬೆಂಗಳೂರಿನ ಒಂದು ಸ್ಟಾರ್ಟಪ್‌ಗೆ ಚೌಕ ಹಾಕಿ. ಅದರ ಮೇಲೆ ಶೇ 30ರಷ್ಟು ಷೇರು ಕೊಳ್ಳಲು ಬಂದ ಸಿಂಗಪುರದ ಫಂಡ್. ಆ ಫಂಡಿಗೆ ಹಣ ಹಾಕಿದವರು ಇಬ್ಬರು: ಜಪಾನಿನ ವಿಮಾ ಕಂಪನಿ, ಕೇಮನ್ ದ್ವೀಪದ ಇನ್ನೊಂದು ಕಂಪನಿ. ಕೇಮನ್ ಕಂಪನಿಯ ಮೇಲೆ ಶಾಂಘೈನ ಒಬ್ಬ ಉದ್ಯಮಿ. ಪ್ರತಿ ಗೆರೆಯ ಪಕ್ಕದಲ್ಲಿ ಷೇರಿನ ಪ್ರಮಾಣ, ಮತದ ಹಕ್ಕು, ನಿರ್ದೇಶಕರನ್ನು ನೇಮಿಸುವ ಹಕ್ಕು ಬರೆಯಿರಿ. ಕಾಗದದ ಮೇಲೆ ಹಣ ಬಂದದ್ದು ಸಿಂಗಪುರದಿಂದ. ಗೆರೆ ಶಾಂಘೈ ಮುಟ್ಟಿದ ಕೂಡಲೇ ಪೂರ್ವಾನುಮತಿಯ ಪ್ರಶ್ನೆ ಏಳುತ್ತದೆ.

ಎಷ್ಟು ಪಾಲಿದ್ದರೆ ಫಲಾನುಭವಿ ಎಂಬುದನ್ನು 2020ರ ಪ್ರೆಸ್ ನೋಟ್ ಹೇಳಿರಲಿಲ್ಲ. ಕಂಪನಿ ಕಾಯ್ದೆಯ 90ನೇ ಸೆಕ್ಷನ್ನಿನ ನಿಯಮಗಳು ಶೇ 10ರ ಮಿತಿ ಹೇಳುತ್ತವೆ. ಇಂಥ ವ್ಯತ್ಯಾಸ ಗುರುತಿಸಿ ಬರೆಯುವ ವಿದ್ಯಾರ್ಥಿಯನ್ನು ಹಿರಿಯ ವಕೀಲರು ಮರೆಯುವುದಿಲ್ಲ. ಅಭ್ಯಾಸಕ್ಕೆ ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ (ಎಂಸಿಎ) ಪೋರ್ಟಲ್‌ನಲ್ಲಿ ಸಣ್ಣ ಶುಲ್ಕ ಕಟ್ಟಿದರೆ ಕಂಪನಿಗಳ ವಾರ್ಷಿಕ ದಾಖಲೆ ಸಿಗುತ್ತವೆ.

5. ಎಲ್ಲಿ, ಹೇಗೆ ಅರ್ಜಿ?

ಬೆಂಗಳೂರು, ದೆಹಲಿ, ಮುಂಬೈನ ಕಾನೂನು ಸಂಸ್ಥೆಗಳಲ್ಲಿ ಫೆಮಾ ಹಾಗೂ ಕಾರ್ಪೊರೇಟ್ ವಿಭಾಗ ಯಾರು ನೋಡುತ್ತಾರೆಂದು ತಿಳಿದು ಅರ್ಜಿ ಕಳಿಸಿ. ಕೇಂದ್ರ ಸಚಿವಾಲಯಗಳ ಇಂಟರ್ನ್‌ಶಿಪ್ ಪ್ರಕಟಣೆಗಳ ಮೇಲೂ ಕಣ್ಣಿರಲಿ. ಹೈಕೋರ್ಟಿನಲ್ಲಿ ಇಂಥ ರಿಟ್ ಅರ್ಜಿ ನಡೆಸುವ ವಕೀಲರ ಕಚೇರಿಯೂ ಒಳ್ಳೆಯ ಪಾಠಶಾಲೆ. ರೆಸ್ಯೂಮೆ ಜೊತೆಗೆ ಎರಡು ಪುಟದ ಟಿಪ್ಪಣಿ ಲಗತ್ತಿಸಿ. ಮೇಲಿನ ಮೂರು ತೀರ್ಪುಗಳೇ ಅದಕ್ಕೆ ವಿಷಯವಾಗಬಹುದು.

ಅಮೆರಿಕದಲ್ಲಿ ಓದುತ್ತಿರುವ ನಮ್ಮವರು ಸಿಫಿಯಸ್ ಎಂದೇ ಹೆಸರಾದ ವಿದೇಶಿ ಹೂಡಿಕೆ ಸಮಿತಿಯ ಬಗ್ಗೆ ತಿಳಿದಿರಬೇಕು. 1975ರಲ್ಲಿ ರಚನೆಯಾದ ಈ ಸಮಿತಿಯ ಅಧಿಕಾರವನ್ನು 2018ರ ಫಿರ್ಮಾ ಕಾಯ್ದೆ ಹಿಗ್ಗಿಸಿತು. 45 ದಿನದ ಪರಿಶೀಲನೆ, ಅಗತ್ಯವಿದ್ದರೆ ಮತ್ತೆ 45 ದಿನದ ತನಿಖೆ ಅಲ್ಲಿನ ಕ್ರಮ. ಅಲ್ಲಿನ ಸರ್ಕಾರಿ ಭದ್ರತಾ ವಿಭಾಗಗಳ ಹುದ್ದೆಗೆ ಸಾಮಾನ್ಯವಾಗಿ ಪೌರತ್ವ ಕೇಳುತ್ತಾರೆ. ಆದ್ದರಿಂದ ಭಾರತೀಯ ವಿದ್ಯಾರ್ಥಿಗಳು ಖಾಸಗಿ ಕಾನೂನು ಸಂಸ್ಥೆಗಳ ಕಡೆ ನೋಡುವುದು ಲೇಸು.

6. ಬಾಯಿ ಬಿಗಿಯಿರಲಿ

ಕಕ್ಷಿದಾರರ ಕಾಗದದ ಫೋಟೊ ತೆಗೆಯಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ, ಕಚೇರಿಯ ಒಪ್ಪಿಗೆಯಿಲ್ಲದೆ ಎಐ ಆ್ಯಪ್‌ಗೆ ಹಾಕಬೇಡಿ. ಮುಂದೆ ರೆಸ್ಯೂಮೆಯಲ್ಲೂ ಕಂಪನಿಯ ಹೆಸರು ಬರೆಯದೆ ಕೆಲಸದ ಸ್ವರೂಪವನ್ನಷ್ಟೇ ತಿಳಿಸಿ.

ಬಂಡವಾಳವೂ ಬೇಕು, ದೇಶದ ಸುರಕ್ಷೆಯೂ ಬೇಕು, ಎದುರಿರುವವನಿಗೆ ನ್ಯಾಯವೂ ಸಿಗಬೇಕು. ಈ ಮೂರನ್ನೂ ತೂಗಿ ನೋಡಬಲ್ಲ ವಕೀಲರು ನಮ್ಮ ಜಿಲ್ಲೆಗಳ ಕಾಲೇಜುಗಳಿಂದಲೂ ಬರಲಿ. ಇಂದೇ ಒಂದು ಹಾಳೆ ತೆಗೆದು ಮೊದಲ ಚೌಕ ಬರೆಯಿರಿ.